ನಳದುರ್ಗದ ಕೋಟೆ: ಗಡಿ, ನೀರು ಮತ್ತು ಕಲ್ಲಿನ ದಾಖಲೆ

ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೋಟೆ ಎಂಬ ಮಾತನ್ನು ಮೊದಲು ಕೇಳುವುದು ಶಿವಾಜಿ ಮಹಾರಾಜರ ಚರಿತ್ರೆಯ ಪಾಠಗಳಲ್ಲಿ. ರಾಯಗಡ, ಪ್ರತಾಪಗಡ, ತೋರಣಾ, ಸಿಂಹಗಡಗಳ ಹೆಸರುಗಳು ಅವರಿಗೆ ಬಾಯಿಪಾಠವಾಗಿರುತ್ತವೆ. ಇವೆಲ್ಲವೂ ಸಹ್ಯಾದ್ರಿಯ ಗಿರಿದುರ್ಗಗಳು. ಆದರೆ ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಗುವಿನ ಕಣ್ಣಮುಂದಿರುವುದು ಜೋಳದ ಹೊಲ, ಕರಿಮಣ್ಣು ಮತ್ತು ಸಮತಟ್ಟಾದ ಬಯಲು. ಈ ಬಯಲುಸೀಮೆಯಲ್ಲಿ ಕೋಟೆಗಳನ್ನು ಏಕೆ ಕಟ್ಟಿದರು, ಹೇಗೆ ಕಾಯ್ದರು, ಅವು ಏಕೆ ಹಾಳಾದವು ಎಂಬ ಪ್ರಶ್ನೆಗಳಿಗೆ ಗಿರಿದುರ್ಗಗಳ ಪಾಠದಲ್ಲಿ ಉತ್ತರ ದೊರೆಯುವುದಿಲ್ಲ. ಸೋಲಾಪುರದಿಂದ ಹೈದರಾಬಾದಿನ ಹೆದ್ದಾರಿಯಲ್ಲಿ ಸುಮಾರು 45 ಕಿ.ಮೀ. ದೂರದಲ್ಲಿರುವ ನಳದುರ್ಗದ ಕೋಟೆ ಈ ಕೊರತೆಯನ್ನು ತುಂಬಬಲ್ಲದು. ಒಂದೇ ದಿನದಲ್ಲಿ ಹೋಗಿಬರಬಹುದಾದ ಈ ಸ್ಥಳದಲ್ಲಿ ಇತಿಹಾಸ, ವಿಜ್ಞಾನ ಮತ್ತು ಭಾಷೆ ಎಂಬ ಮೂರು ವಿಷಯಗಳ ಪಾಠಕ್ಕೂ ಸಾಮಗ್ರಿಯಿದೆ.

ನಳದುರ್ಗವು ಇಂದಿನ ಧಾರಾಶಿವ ಜಿಲ್ಲೆಯ ತುಳಜಾಪುರ ತಾಲೂಕಿಗೆ ಸೇರಿದ ಊರು. ಊರಿನ ಪಕ್ಕದಲ್ಲಿ ಬೋರಿ ನದಿ ಕಪ್ಪು ಬಂಡೆಯನ್ನು ಆಳವಾಗಿ ಕೊರೆದು ಹರಿಯುತ್ತದೆ. ಆ ಕೊರಕಲಿನ ಅಂಚಿನ ದಿಬ್ಬದ ಮೇಲೆ ಕೋಟೆ ನಿಂತಿದೆ. ಇದೇ ಬೋರಿ ಮುಂದೆ ಅಕ್ಕಲಕೋಟೆ ತಾಲೂಕಿನ ಮೂಲಕ ಸಾಗಿ ಭೀಮಾ ನದಿಯನ್ನು ಸೇರುತ್ತದೆ. ಅಕ್ಕಲಕೋಟೆಯ ಮಕ್ಕಳಿಗೆ ಬೋರಿ ಹೊಸ ಹೆಸರಲ್ಲ. ತಮ್ಮ ಹೊಲಗಳ ಬದಿಯಲ್ಲಿ ಹರಿಯುವ ಹೊಳೆಯೇ ಮೇಲುಗಡೆ ಒಂದು ಕೋಟೆಯನ್ನು ಕಾಯುತ್ತಿತ್ತು ಎಂದು ತಿಳಿಸಿ ಪಾಠವನ್ನು ಆರಂಭಿಸಿದರೆ ಮಕ್ಕಳ ಕುತೂಹಲ ತಾನಾಗಿ ಕೆರಳುತ್ತದೆ.

ಹೆಸರಿನ ವಿಷಯದಲ್ಲಿಯೂ ಕುತೂಹಲಕ್ಕೆ ಎಡೆಯಿದೆ. ನಿಷಧದ ನಳರಾಜನೇ ಈ ದುರ್ಗವನ್ನು ಕಟ್ಟಿಸಿದನೆಂಬುದು ಸ್ಥಳೀಯ ಐತಿಹ್ಯ. ಬಿಜಾಪುರದ ಸುಲ್ತಾನರ ಕಾಲದಲ್ಲಿ ಇದಕ್ಕೆ ಷಾಹದುರ್ಗವೆಂಬ ಹೆಸರೂ ಇತ್ತು. ಆದರೆ ಸೋಲಾಪುರದ ಕನ್ನಡ ಮಗುವಿಗೆ ನಳ ಎಂದರೆ ಮೊದಲು ನೆನಪಾಗುವುದು ಬೀದಿಯ ನೀರಿನ ನಲ್ಲಿ. ಮರಾಠಿಯಲ್ಲಿಯೂ ಆ ಪದಕ್ಕೆ ಅದೇ ಅರ್ಥವಿದೆ. ಕೋಟೆಯೊಳಗಿನ ಹೆಸರುಗಳು ಇನ್ನಷ್ಟು ಗೊಂದಲವನ್ನು ಉಂಟುಮಾಡುತ್ತವೆ. ಎತ್ತರದ ಬುರುಜಿನ ಮೇಲಿರುವ ದೊಡ್ಡ ಫಿರಂಗಿಗಳಲ್ಲಿ ಒಂದಕ್ಕೆ 'ಹತ್ತಿ ತೋಫ' ಎಂದು ಹೆಸರು. ಮರಾಠಿಯಲ್ಲಿ ಹತ್ತಿ ಎಂದರೆ ಆನೆ. ಕನ್ನಡದ ಕಿವಿಗೆ ಅದು ಅರಳೆಯ ಫಿರಂಗಿಯಾಗಿ ಕೇಳಿಸುತ್ತದೆ. ಇನ್ನೊಂದು 'ಮಗರ ತೋಫ', ಅಂದರೆ ಮೊಸಳೆಯ ಫಿರಂಗಿ. ಅಣೆಕಟ್ಟೆಯಿಂದ ಧುಮುಕುವ ಎರಡು ಜಲಧಾರೆಗಳಿಗೆ 'ನರ' ಮತ್ತು 'ಮಾದಿ' ಎಂದು ಹೆಸರು. ಇಲ್ಲಿ ನರ ಎಂದರೆ ಗಂಡು, ಮಾದಿ ಎಂದರೆ ಹೆಣ್ಣು. ನಮ್ಮ ಮೈಯೊಳಗಿನ ನರವಾಗಲಿ ಮನುಷ್ಯನೆಂಬ ಅರ್ಥವಾಗಲಿ ಇಲ್ಲಿ ಹೊಂದುವುದಿಲ್ಲ. ಎರಡು ಭಾಷೆಗಳ ನಡುವೆ ದಿನವೂ ಓಡಾಡುವ ಮಕ್ಕಳು ಇಂತಹ ಪದಗಳನ್ನು ತಾವೇ ಹುಡುಕಿ ಪಟ್ಟಿ ಮಾಡಲು ಇಷ್ಟಪಡುತ್ತಾರೆ. ಅದರ ಜೊತೆಗೆ ಕೋಟೆಗೆ ಸಂಬಂಧಿಸಿದ ಅಚ್ಚಗನ್ನಡದ ಮಾತುಗಳನ್ನೂ ಪರಿಚಯಿಸಬಹುದು: ಬುರುಜಿಗೆ ಕೊತ್ತಲ, ಕಂದಕಕ್ಕೆ ಅಗಳು, ಗೋಡೆಯ ತುದಿಯ ಹಲ್ಲಿನಂತಹ ಭಾಗಕ್ಕೆ ತೆನೆ, ಮುಖ್ಯದ್ವಾರಕ್ಕೆ ಹೆಬ್ಬಾಗಿಲು, ಸಣ್ಣ ದ್ವಾರಕ್ಕೆ ದಿಡ್ಡಿ. ಈ ಪದಗಳು ಬಳಕೆಯಿಂದ ಜಾರುತ್ತಿವೆ. ವಸ್ತುವನ್ನು ಎದುರಿಗಿಟ್ಟು ಹೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತವೆ.

ಕೋಟೆ ಇಲ್ಲಿಯೇ ಏಕೆ?

ನಳದುರ್ಗವು ಆರಂಭದಲ್ಲಿ ಸ್ಥಳೀಯ ಅರಸನೊಬ್ಬನ ನೆಲೆಯಾಗಿತ್ತೆಂದೂ ಆತನು ಕಲ್ಯಾಣದ ಚಾಲುಕ್ಯರ ಸಾಮಂತನಾಗಿದ್ದಿರಬೇಕೆಂದೂ ಗೆಜೆಟಿಯರುಗಳು ಹೇಳುತ್ತವೆ. ಬಸವಕಲ್ಯಾಣವು ಇಲ್ಲಿಗೆ ದೂರವಲ್ಲದ ಕಾರಣ ಈ ಮಾತು ಸಂಭವನೀಯವಾಗಿ ಕಾಣುತ್ತದೆ. ಬಳಿಕ ಕೋಟೆ ಬಹಮನಿ ಸುಲ್ತಾನರ ವಶಕ್ಕೆ ಬಂತು. ಆದರೆ ಇದಕ್ಕೆ ನಿಜವಾದ ಮಹತ್ವ ಬಂದದ್ದು ಬಹಮನಿ ರಾಜ್ಯ ಒಡೆದುಹೋದ ಮೇಲೆ. ಒಂದು ರಾಜ್ಯದ ಒಡಲಿನಲ್ಲಿದ್ದ ಊರು ಇದ್ದಕ್ಕಿದ್ದಂತೆ ಅಂಚಿಗೆ ಬಂದು ನಿಂತಿತು. ಬಿಜಾಪುರದ ಆದಿಲಶಾಹಿ, ಅಹಮದನಗರದ ನಿಜಾಮಶಾಹಿ, ಬೀದರಿನ ಬರೀದಶಾಹಿ, ಗೋಲ್ಕೊಂಡದ ಕುತುಬಶಾಹಿ: ಈ ನಾಲ್ಕೂ ರಾಜ್ಯಗಳ ಸೈನ್ಯಗಳು ಓಡಾಡುವ ಬಯಲಿನಲ್ಲಿ ನಳದುರ್ಗವೂ ಸೋಲಾಪುರವೂ ಬಿಜಾಪುರದ ಉತ್ತರದ ಕದಗಳಾದವು.

ಈ ಗಡಿ ಎಷ್ಟು ತೀವ್ರವಾದ ಜಗಳದ ವಸ್ತುವಾಗಿತ್ತೆಂಬುದಕ್ಕೆ ಸೋಲಾಪುರದ ಕೋಟೆಯೇ ಸಾಕ್ಷಿ. ಅದಕ್ಕಾಗಿ ಬಿಜಾಪುರ ಮತ್ತು ಅಹಮದನಗರಗಳು ಎರಡು ತಲೆಮಾರು ಹೋರಾಡಿದವು. ಕೊನೆಗೆ ವಿಜಯನಗರದ ವಿರುದ್ಧ ಒಂದಾಗಬೇಕಾದಾಗ ಅಹಮದನಗರದ ರಾಜಕುಮಾರಿ ಚಾಂದಬೀಬಿಯನ್ನು ಬಿಜಾಪುರದ ಒಂದನೆಯ ಅಲಿ ಆದಿಲ್ ಷಾಹನಿಗೆ ಕೊಟ್ಟು ಮದುವೆ ಮಾಡಿ, ಸೋಲಾಪುರದ ಕೋಟೆಯನ್ನು ವರದಕ್ಷಿಣೆಯಾಗಿ ಬಿಟ್ಟುಕೊಡಲಾಯಿತು. ಅದರ ಬೆನ್ನಲ್ಲೇ 1565ರಲ್ಲಿ ತಾಳಿಕೋಟೆಯ ಕದನ ನಡೆಯಿತು. ತಾಳಿಕೋಟೆಯ ಪಾಠವನ್ನು ಹಂಪಿಯ ಕಡೆಯಿಂದ ಮಾತ್ರ ಹೇಳುವ ರೂಢಿಯುಂಟು. ಸೋಲಾಪುರದ ಮಕ್ಕಳಿಗೆ ಅದನ್ನು ಅವರ ಊರಿನ ಕೋಟೆಯ ಕಡೆಯಿಂದಲೂ ಹೇಳಬಹುದು.

1580ರಲ್ಲಿ ಅಲಿ ಆದಿಲ್ ಷಾಹನು ಕೊಲೆಯಾದನು. ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಮನು ಇನ್ನೂ ಬಾಲಕ. ಚಾಂದಬೀಬಿಯು ಬಾಲಕನ ಪರವಾಗಿ ನಿಂತಳಾದರೂ ದರಬಾರಿನಲ್ಲಿ ಸರದಾರರ ಕಚ್ಚಾಟ ಮಿತಿಮೀರಿತು. ಸಮಯ ನೋಡಿ ಅಹಮದನಗರ ಮತ್ತು ಗೋಲ್ಕೊಂಡದ ಸೈನ್ಯಗಳು ಕೂಡಿ ನಳದುರ್ಗಕ್ಕೆ ಮುತ್ತಿಗೆ ಹಾಕಿದವು. ಕೋಟೆ ಬಗ್ಗಲಿಲ್ಲ. ಅದನ್ನು ಬಿಟ್ಟು ಅವು ಬಿಜಾಪುರದ ಕಡೆಗೆ ಹೊರಟವು, ಅಲ್ಲಿಯೂ ಗೆಲ್ಲಲಾಗಲಿಲ್ಲ. ಇಬ್ರಾಹಿಮನ ಆಸ್ಥಾನದಲ್ಲಿಯೇ ಕುಳಿತು ಚರಿತ್ರೆ ಬರೆದ ಫೆರಿಶ್ತಾ ಈ ಕಾಲದ ಘಟನೆಗಳನ್ನು ವಿವರವಾಗಿ ದಾಖಲಿಸಿದ್ದಾನೆ. ಗಡಿಯ ಕೋಟೆಯೊಂದು ಮಾಡಬೇಕಾದ ಕೆಲಸ ಏನೆಂಬುದು ಈ ಪ್ರಸಂಗದಿಂದ ಸ್ಪಷ್ಟವಾಗುತ್ತದೆ. ಅದು ಶತ್ರುವನ್ನು ಸೋಲಿಸಲೇಬೇಕೆಂದಿಲ್ಲ. ಶತ್ರುವಿನ ದಿನಗಳನ್ನೂ ಧಾನ್ಯವನ್ನೂ ತಾಳ್ಮೆಯನ್ನೂ ವ್ಯಯಮಾಡಿಸಿದರೆ ಸಾಕು.

ನೀರಿನ ಗೋಡೆ

ಬಯಲಿನ ಕೋಟೆಗೆ ಎರಡು ಚಿಂತೆಗಳಿರುತ್ತವೆ. ಗೋಡೆಯ ಬುಡಕ್ಕೆ ಶತ್ರು ಸುಲಭವಾಗಿ ಬರಬಲ್ಲನು. ಒಳಗಿನವರಿಗೆ ಬೇಸಿಗೆಯಲ್ಲಿ ಕುಡಿಯುವ ನೀರು ತೀರಿಹೋಗಬಲ್ಲದು. ನಳದುರ್ಗದಲ್ಲಿ ಈ ಎರಡಕ್ಕೂ ಒಂದೇ ಉಪಾಯದಿಂದ ಪರಿಹಾರ ಕಂಡುಕೊಳ್ಳಲಾಯಿತು. ಬೋರಿ ನದಿಯ ಆಚೆಯ ದಂಡೆಯಲ್ಲಿ ರಣಮಂಡಳವೆಂಬ ಕಿರುಕೋಟೆಯಿದೆ. ಈಚೆಯ ದೊಡ್ಡ ಕೋಟೆಗೂ ಆಚೆಯ ರಣಮಂಡಳಕ್ಕೂ ನಡುವೆ ನದಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆಯನ್ನು ಎಬ್ಬಿಸಿದರು. ಕಟ್ಟೆಯ ಹಿಂದೆ ನಿಂತ ನೀರು ಕೋಟೆಯ ಒಂದು ಮಗ್ಗುಲಿಗೆ ಅಗಲವಾದ ಕಂದಕವಾಯಿತು, ಕಾವಲು ಪಡೆಗೆ ಕುಡಿಯುವ ನೀರಾಯಿತು. ಕಟ್ಟೆಯ ನೆತ್ತಿ ಎರಡು ಕೋಟೆಗಳ ನಡುವಿನ ಸೇತುವೆಯಾಯಿತು.

ಈ ಕಟ್ಟೆಯ ಎತ್ತರ ಸುಮಾರು 90 ಅಡಿ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಹೆಚ್ಚಿನ ನೀರು ಎರಡು ಕೋಡಿಗಳ ಮೂಲಕ ಹೊರಬಿದ್ದು ಕೆಳಗಿನ ಕೊರಕಲಿಗೆ ಧುಮುಕುತ್ತದೆ. ಅವೇ ಮೇಲೆ ಹೇಳಿದ ನರ ಮತ್ತು ಮಾದಿ. ಕಟ್ಟೆಯ ಒಡಲೊಳಗೆ ಮೆಟ್ಟಿಲುಗಳ ಮೂಲಕ ಇಳಿದು ಹೋಗಬಹುದಾದ ಕೋಣೆಗಳಿವೆ. ಅವುಗಳಿಗೆ 'ಪಾಣೀ ಮಹಾಲ್', ಅಂದರೆ ನೀರಿನ ಅರಮನೆಯೆಂಬ ಹೆಸರು. ಅಲ್ಲಿನ ಕಮಾನಿನ ಗವಾಕ್ಷಿಯ ಬಳಿ ನಿಂತರೆ ಬೆನ್ನ ಹಿಂದೆ ಜಲಾಶಯ, ಕಣ್ಣ ಮುಂದೆ ಬೀಳುವ ನೀರಿನ ತೆರೆ. ನಡುವೆ ನಿಂತವರ ಮೈಗೆ ಮಾತ್ರ ತುಂತುರು ತಾಗುವುದಿಲ್ಲ. ಇದನ್ನು ಬಿಸಿಲಿನ ದಿನಗಳ ವಿಲಾಸಕ್ಕಾಗಿ ಮಾಡಿಸಿದರೆಂದು ಹೇಳುವುದು ವಾಡಿಕೆ.

ವಿಜ್ಞಾನದ ಶಿಕ್ಷಕರಿಗೆ ಇಲ್ಲಿ ಒಳ್ಳೆಯ ಅವಕಾಶವಿದೆ. ನೀರಿನ ಒತ್ತಡವು ಆಳ ಹೆಚ್ಚಿದಂತೆ ಹೆಚ್ಚುತ್ತದೆಂಬುದನ್ನು ತರಗತಿಯಲ್ಲಿ ತೂತು ಕೊರೆದ ಬಾಟಲಿಯಿಂದ ತೋರಿಸುವುದುಂಟು. 27 ಮೀಟರ್ ಆಳದ ನೀರು ತಳದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 27 ಟನ್ ಭಾರದಷ್ಟು ಒತ್ತುತ್ತದೆ. ಆ ಒತ್ತಡಕ್ಕೆ ಎದುರಾಗಿ ಈ ಕಟ್ಟೆ ನಿಂತಿರುವುದು ತನ್ನ ತೂಕದ ಬಲದಿಂದ. ಕಬ್ಬಿಣದ ಸರಳಿಲ್ಲ, ಸಿಮೆಂಟಿಲ್ಲ. ಕಪ್ಪು ಕಲ್ಲು ಮತ್ತು ಸುಣ್ಣದ ಗಾರೆ ಮಾತ್ರ. ಅಂತಹ ಕಟ್ಟೆಯ ಒಳಗೆ ಕೋಣೆ ತೆರೆಯಬೇಕಾದರೆ ಎಲ್ಲಿ ಎಷ್ಟು ಟೊಳ್ಳು ಬಿಡಬಹುದು, ಎಲ್ಲಿ ಬಿಡಬಾರದು ಎಂಬ ಲೆಕ್ಕಾಚಾರ ಕಟ್ಟಿದವನಿಗೆ ಖಚಿತವಾಗಿ ತಿಳಿದಿರಬೇಕು. ಹಿರಿಯ ತರಗತಿಗಳ ಮಕ್ಕಳು ಕಟ್ಟೆಯ ಅಡ್ಡಸೀಳು ನೋಟವನ್ನು ಊಹಿಸಿ ಚಿತ್ರ ಬರೆಯಲಿ. ತಪ್ಪಾದರೂ ಚಿಂತೆಯಿಲ್ಲ. ಕೋಣೆಯನ್ನು ನೀರಿನ ಕಡೆಗೆ ಬರೆದ ವಿದ್ಯಾರ್ಥಿಗೆ ತನ್ನ ತಪ್ಪು ಬಹುಬೇಗ ಗೊತ್ತಾಗುತ್ತದೆ.

ಕಟ್ಟೆಯನ್ನು ಕಟ್ಟಿಸಿದವರು ಯಾರು? ಇಲ್ಲಿ ಶಿಕ್ಷಕರು ಸ್ವಲ್ಪ ನಿಲ್ಲಬೇಕು. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲಿ ಅಲಿ ಆದಿಲ್ ಷಾಹನು ಕಟ್ಟಿಸಿದನೆಂದು ಬರೆದಿದೆ. ಆದರೆ ಕಟ್ಟೆಯಲ್ಲಿಯೇ ಇರುವ ಪಾರಸಿ ಶಾಸನವು ಎರಡನೆಯ ಇಬ್ರಾಹಿಂ ಆದಿಲ್ ಷಾಹನ ಕಾಲಕ್ಕೆ, ಹಿಜರಿ 1022ಕ್ಕೆ, ಅಂದರೆ ಕ್ರಿ.ಶ. 1613ಕ್ಕೆ ಸೇರಿದ್ದು. ಕಟ್ಟಿದ ಶಿಲ್ಪಿ ಮೀರ್ ಮಹಮ್ಮದ್ ಇಮಾದಿನ್ ಎಂದು ಹೇಳಲಾಗಿದೆ. ಎರಡು ಹೇಳಿಕೆಗಳು ಒಂದಕ್ಕೊಂದು ಹೊಂದದಿದ್ದಾಗ ಯಾವುದನ್ನು ನಂಬಬೇಕು? ಒಂದು ಹೇಳಿಕೆ ಶತಮಾನಗಳ ಬಳಿಕ ಕಚೇರಿಯಲ್ಲಿ ಕುಳಿತು ಬರೆದದ್ದು; ಇನ್ನೊಂದು ಕಟ್ಟಡದ ಕಲ್ಲಿನ ಮೇಲೆಯೇ ಇರುವುದು. ಇಬ್ರಾಹಿಮನು ಆಳಿದ್ದು 1580ರಿಂದ 1627ರವರೆಗೆ. ಶಾಸನದ ವರ್ಷ ಆ ಅವಧಿಗೆ ಸರಿಹೊಂದುತ್ತದೆ. ಮುದ್ರಿತವಾದದ್ದೆಲ್ಲ ಪ್ರಮಾಣವೆಂದು ನಂಬುವ ವಯಸ್ಸಿನ ಮಕ್ಕಳಿಗೆ, ಪುಸ್ತಕವೂ ತಪ್ಪಬಹುದು ಮತ್ತು ಆ ತಪ್ಪನ್ನು ಪತ್ತೆಹಚ್ಚುವ ದಾರಿಯಿದೆ ಎಂದು ತೋರಿಸಲು ಇದಕ್ಕಿಂತ ಸರಳವಾದ ಉದಾಹರಣೆ ಸಿಗಲಾರದು. ಆ ಶಾಸನದ ಕಲ್ಲು ಉದುರಿಹೋಗಿದ್ದರೆ ಅಥವಾ ಅದರ ಮೇಲೆ ಯಾರಾದರೂ ಬಣ್ಣ ಬಳಿದಿದ್ದರೆ ಈ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ ಎಂಬುದನ್ನೂ ಆಗಲೇ ಹೇಳಬೇಕು.

ಬಾಲ್ಯದಲ್ಲಿ ತನ್ನ ರಾಜ್ಯದ ಈ ಕೋಟೆಗೆ ಮುತ್ತಿಗೆ ಬಿದ್ದ ಸುದ್ದಿ ಕೇಳಿದ್ದ ಅರಸನೇ ಮೂವತ್ತು ವರ್ಷಗಳ ಬಳಿಕ ಅದಕ್ಕೆ ಬತ್ತದ ನೀರನ್ನು ಒದಗಿಸಿದನೆಂಬುದು ಮನಸ್ಸಿಗೆ ಹಿಡಿಸುವ ಜೋಡಣೆ. ಅಷ್ಟು ಹೊತ್ತಿಗೆ ಅಹಮದನಗರದ ಕೋಟೆ ಮೊಗಲರ ಕೈಸೇರಿತ್ತು. ಉತ್ತರದಿಂದ ಬರುವ ಅಪಾಯ ಇನ್ನೂ ದೊಡ್ಡದಾಗಿತ್ತು. ಎರಡಕ್ಕೂ ಕಾರ್ಯಕಾರಣ ಸಂಬಂಧ ಕಲ್ಪಿಸುವುದು ಊಹೆಯಷ್ಟೆ. ತರಗತಿಯಲ್ಲಿ ಊಹೆಯೆಂದೇ ಹೇಳತಕ್ಕದ್ದು. ಸಂಗೀತಪ್ರಿಯನೂ 'ಕಿತಾಬ್-ಎ-ನವರಸ್' ಎಂಬ ದಖನಿ ಗೀತಸಂಕಲನದ ಕರ್ತೃವೂ ಆಗಿ ಜಗದ್ಗುರು ಬಾದಶಹನೆಂದು ಹೆಸರಾದ ಇಬ್ರಾಹಿಮನು ಬಿಜಾಪುರದ ಮಕ್ಕಳಿಗೆ ಪರಿಚಿತನು. ಆತನ ಕಾಲದ ಈ ಕಟ್ಟೆ ಗಡಿಯ ಈಚೆ ಇರುವುದರಿಂದಲೋ ಏನೋ ಬಿಜಾಪುರದ ಸ್ಮಾರಕಗಳ ಪಟ್ಟಿಯಲ್ಲಿ ಸೇರದೆ ಹೊರಗುಳಿದಿದೆ.

ಗಡಿಗಳ ಓಡಾಟ

1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದಾಗ ನಳದುರ್ಗವೂ ಮೊಗಲರದಾಯಿತು. ಬಿಜಾಪುರವೂ ಇಲ್ಲ, ಅಹಮದನಗರವೂ ಇಲ್ಲ ಎಂದಮೇಲೆ ಅವುಗಳ ನಡುವಿನ ಗಡಿಯೂ ಇಲ್ಲ. ಹದಿನೆಂಟನೆಯ ಶತಮಾನದಲ್ಲಿ ಕೋಟೆ ಹೈದರಾಬಾದಿನ ನಿಜಾಮರ ಕೈಗೆ ಬಂತು. 1853ರ ಒಪ್ಪಂದದಂತೆ ನಿಜಾಮನು ಬೇರಾರ್, ರಾಯಚೂರು ದೋಆಬ್ ಮತ್ತು ಈ ಪಶ್ಚಿಮದ ಜಿಲ್ಲೆಯನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಿದನು. ಆಗ ಇಲ್ಲಿಗೆ ಬಂದ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಕನ್ನಡ ಓದುಗರಿಗೆ ಈತನು ಸುರಪುರದ ಬಾಲರಾಜ ವೆಂಕಟಪ್ಪ ನಾಯಕನ ಕಾಲದ ಆಡಳಿತಗಾರನಾಗಿ ಗೊತ್ತು. ಸುರಪುರದಿಂದ ನೇರವಾಗಿ ಆತನು ಬಂದದ್ದು ನಳದುರ್ಗಕ್ಕೆ. ಈ ಕೋಟೆಯ ಮತ್ತು ನೀರಿನ ಮಹಲಿನ ವರ್ಣನೆ ಆತನ ಆತ್ಮಕಥೆಯಲ್ಲಿದೆ. ಚಾಂದಬೀಬಿಯನ್ನು ಕುರಿತು 'ಎ ನೋಬಲ್ ಕ್ವೀನ್' ಎಂಬ ಕಾದಂಬರಿಯನ್ನೂ ಆತನು ಬರೆದನು. 1860ರಲ್ಲಿ ಜಿಲ್ಲೆ ನಿಜಾಮನಿಗೆ ಮರಳಿತು. ನಳದುರ್ಗವೇ ಜಿಲ್ಲೆಯ ಹೆಸರೂ ಆಗಿ ಕೆಲಕಾಲ ಮುಂದುವರಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೇಂದ್ರವು ಉಸ್ಮಾನಾಬಾದಿಗೆ ಹೋಯಿತು. ಆ ಜಿಲ್ಲೆ ಗುಲಬರ್ಗಾ ವಿಭಾಗಕ್ಕೆ ಸೇರಿತ್ತು ಎಂಬುದನ್ನು ಇಂದಿನ ನಕಾಶೆಯನ್ನಷ್ಟೇ ನೋಡಿ ಬೆಳೆದವರು ಬೇಗ ನಂಬುವುದಿಲ್ಲ.

ನಳದುರ್ಗವು ಗಡಿಯ ಠಾಣ್ಯವಾಗಿ ಕೊನೆಯ ಬಾರಿ ಕಾಣಿಸಿಕೊಂಡದ್ದು 1948ರಲ್ಲಿ. ಸೋಲಾಪುರ ಸ್ವತಂತ್ರ ಭಾರತದ ಮುಂಬಯಿ ಪ್ರಾಂತದಲ್ಲಿತ್ತು. ನಳದುರ್ಗ ಇನ್ನೂ ನಿಜಾಮನ ರಾಜ್ಯದಲ್ಲಿತ್ತು. ಸೆಪ್ಟೆಂಬರ್ 13ರಂದು ಸೋಲಾಪುರದ ಕಡೆಯಿಂದ ಹೊರಟ ಭಾರತೀಯ ಸೇನೆಗೆ ಮೊದಲ ಪ್ರತಿರೋಧ ಎದುರಾದದ್ದು ಇಲ್ಲಿಯೇ. ಬೋರಿಯ ಸೇತುವೆಯನ್ನು ಅದು ಒಡೆಯುವ ಮುನ್ನವೇ ಸೇನೆ ವಶಪಡಿಸಿಕೊಂಡಿತು. ಅದೇ ದಿನ ನಳದುರ್ಗವೂ ಕೈವಶವಾಯಿತು. 1956ರ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಉಸ್ಮಾನಾಬಾದ್ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು.

1948ರ ನೆನಪುಗಳು ಗಡಿಭಾಗದ ಅನೇಕ ಮನೆಗಳಲ್ಲಿ ಇಂದಿಗೂ ಇವೆ. ರಜಾಕಾರರ ಹಾವಳಿಗೆ ಹೆದರಿ ಸೋಲಾಪುರ ಸೀಮೆಗೆ ಬಂದವರುಂಟು. ಕಾರ್ಯಾಚರಣೆಯ ನಂತರದ ದಿನಗಳಲ್ಲಿ ನೊಂದವರೂ ಉಂಟು. ಅಜ್ಜ ಅಜ್ಜಿಯರಿಂದ ಕೇಳಿ ಬರೆದು ತರುವಂತೆ ಮಕ್ಕಳಿಗೆ ಹೇಳುವುದು ಒಳ್ಳೆಯ ಚಟುವಟಿಕೆ. ಆದರೆ ಒಂದೇ ತರಗತಿಯಲ್ಲಿ ಬೇರೆಬೇರೆ ಮನೆಗಳ ನೆನಪುಗಳು ಎದುರುಬದುರಾಗಿ ಬರಬಹುದು. ಅವುಗಳನ್ನು ಓದಿಸುವ ಮೊದಲು ಶಿಕ್ಷಕರು ತಾವು ಓದಿನೋಡುವುದು ಅಗತ್ಯ.

ಹಾಳಾಗುವ ಬಗೆ

ಕೋಟೆಗಳು ಫಿರಂಗಿಯಿಂದ ಹಾಳಾದವೆಂದು ಮಕ್ಕಳು ಭಾವಿಸುತ್ತಾರೆ. ನಳದುರ್ಗದ ವಿಷಯದಲ್ಲಿ ಅದು ಸರಿಯಲ್ಲ. ಹೊರಗೋಡೆ, ನೂರಕ್ಕೂ ಮಿಕ್ಕಿದ ಬುರುಜುಗಳು, ಕಮಲದ ದಳಗಳಂತೆ ಒಂಬತ್ತು ಮಡಿಕೆಗಳಿರುವ ನವಬುರುಜು, ದೂರದಿಂದಲೇ ಕಾಣುವ ಉಪಳ್ಯಾ ಬುರುಜು ಇವೆಲ್ಲ ಬಹುಮಟ್ಟಿಗೆ ನಿಂತೇ ಇವೆ. ಬಿದ್ದಿರುವುದು ಒಳಗಿನ ವಾಸದ ಕಟ್ಟಡಗಳು. ಜನ ಬಿಟ್ಟುಹೋದ ಮನೆಗೆ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗಿದೆ. ಮಾಳಿಗೆಯ ಮೇಲಿನ ಗಾರೆ ಬಿರುಕುಬಿಟ್ಟಿತು, ನೀರು ಇಳಿಯಿತು, ಸರಿಪಡಿಸುವವರಿಲ್ಲದೆ ತೊಲೆ ಕೊಳೆಯಿತು, ಛಾವಣಿ ಕುಸಿಯಿತು.

ಗೋಡೆಗಳ ವೈರಿ ಅರಳಿ ಮತ್ತು ಬಸರಿಯ ಸಸಿಗಳು. ಹಕ್ಕಿಗಳ ಹಿಕ್ಕೆಯಲ್ಲಿ ಬಂದ ಬೀಜ ಕಲ್ಲಿನ ಸಂದಿಯಲ್ಲಿ ಮೊಳೆತು, ಬೇರು ಗಾರೆಯ ತೇವವನ್ನು ಹುಡುಕುತ್ತ ಒಳಹೊಕ್ಕು ದಪ್ಪವಾಗುತ್ತ ಹೋಗುತ್ತದೆ. ಹತ್ತು ವರ್ಷಗಳಲ್ಲಿ ಅದು ಮೂರಾಳು ಎತ್ತಲಾಗದ ಕಲ್ಲನ್ನು ಪಕ್ಕಕ್ಕೆ ಸರಿಸಬಲ್ಲದು. ಉತ್ಸಾಹಿಗಳು ಶ್ರಮದಾನದಲ್ಲಿ ಇಂತಹ ಗಿಡಗಳನ್ನು ಎಳೆದು ಕೀಳುತ್ತಾರೆ. ಬೇರಿನೊಂದಿಗೆ ಕಲ್ಲೂ ಗಾರೆಯೂ ಕಿತ್ತುಬರುತ್ತವೆ. ಕಾಂಡವನ್ನು ಕತ್ತರಿಸಿ, ಬುಡಕ್ಕೆ ಔಷಧ ಹಾಕಿ ಬೇರನ್ನು ಒಳಗೇ ಸಾಯಲು ಬಿಟ್ಟು, ಆಮೇಲೆ ಸಂದಿಯನ್ನು ಸುಣ್ಣದ ಗಾರೆಯಿಂದ ತುಂಬುವುದು ಬಲ್ಲವರ ಕ್ರಮ. ಆದುದರಿಂದ ಶಾಲೆಯ ಶ್ರಮದಾನದಲ್ಲಿ ಕಸ ಆಯುವುದು ಸರಿ. ಗೋಡೆಯ ಗಿಡಗಳನ್ನು ಮಕ್ಕಳ ಕೈಗೆ ಕೊಡಬಾರದು.

ಇನ್ನೊಂದು ಕೇಡು ದುರಸ್ತಿಯ ಹೆಸರಿನಲ್ಲಿಯೇ ಬರುವಂಥದು. ಹಳೆಯ ಗಾರೆ ಸುಣ್ಣ, ಮರಳು, ಇಟ್ಟಿಗೆಯ ಪುಡಿಗಳಿಂದ ಆದದ್ದು. ಅದು ಕಲ್ಲಿಗಿಂತ ಮೃದು. ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಸಿಮೆಂಟು ಗಟ್ಟಿ, ತೇವವನ್ನು ಹೊರಬಿಡದು. ಸಿಮೆಂಟಿನಿಂದ ಸಂದಿಗಳನ್ನು ಮುಚ್ಚಿದರೆ ಒಳಗಿನ ನೀರು ಹೊರಬರಲು ಕಲ್ಲನ್ನೇ ದಾರಿಮಾಡಿಕೊಳ್ಳುತ್ತದೆ. ಅದರ ಜೊತೆಗೆ ಬಂದ ಲವಣ ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಪದರುಪದರಾಗಿ ಉದುರಿಸುತ್ತದೆ. ಮೊದಲ ವರ್ಷ ಚೆನ್ನಾಗಿ ಕಾಣುವುದು ಸಿಮೆಂಟಿನ ಕೆಲಸ. ಐವತ್ತು ವರ್ಷ ಬಾಳುವುದು ಸುಣ್ಣದ ಕೆಲಸ. ಹಳ್ಳಿಯ ಹಳೆಯ ಮನೆಗಳಿಗೆ ಸಿಮೆಂಟು ಮೆತ್ತಿಸಿ ಪಶ್ಚಾತ್ತಾಪಪಟ್ಟ ಪಾಲಕರು ಪ್ರತಿ ಊರಿನಲ್ಲಿಯೂ ಇರುವುದರಿಂದ ಈ ಮಾತನ್ನು ಮಕ್ಕಳಿಗೆ ಮನಗಾಣಿಸುವುದು ಕಷ್ಟವಲ್ಲ.

ನಳದುರ್ಗವು ರಾಜ್ಯ ಸಂರಕ್ಷಿತ ಸ್ಮಾರಕ. ಸ್ಮಾರಕಗಳನ್ನು ಖಾಸಗಿಯವರು ದತ್ತು ತೆಗೆದುಕೊಳ್ಳಬಹುದಾದ ರಾಜ್ಯದ ಯೋಜನೆಯಡಿ 2010ರ ದಶಕದಲ್ಲಿ ಇದರ ನಿರ್ವಹಣೆಯನ್ನು ಸಂಸ್ಥೆಯೊಂದಕ್ಕೆ ವಹಿಸಲಾಯಿತು. ಪೊದೆಗಳು ತೆರವಾದವು, ದಾರಿಗಳಾದವು, ಉದ್ಯಾನವೂ ದೋಣಿವಿಹಾರವೂ ಬಂದವು, ಪ್ರವಾಸಿಗರ ಸಂಖ್ಯೆ ಏರಿತು. ಜನ ಬರತೊಡಗಿದರೆ ಕೋಟೆಯ ಮೇಲೆ ಕಣ್ಣಿರುತ್ತದೆ. ಕಲ್ಲು ಕದಿಯುವವರು ಹಿಂಜರಿಯುತ್ತಾರೆ. ಈ ಲಾಭವನ್ನು ಕಡೆಗಣಿಸಲಾಗದು. ಆದರೆ ಪಾಳುಬಿದ್ದ ಕೋಟೆ ಉದ್ಯಾನವಾಗತೊಡಗಿದಾಗ ಯಾವುದು ಹಳೆಯದು, ಯಾವುದು ನಿನ್ನೆ ಮಾಡಿದ್ದು ಎಂಬ ಗುರುತು ಅಳಿಯುವ ಅಪಾಯವೂ ಇರುತ್ತದೆ. ಹೊಸದಾಗಿ ಕಟ್ಟಿದ ಭಾಗ ಸೂಕ್ಷ್ಮವಾಗಿ ನೋಡಿದವರಿಗಾದರೂ ಬೇರೆಯಾಗಿ ತಿಳಿಯಬೇಕೆಂಬುದು ಸಂರಕ್ಷಣೆಯ ಒಪ್ಪಿತ ನಿಯಮ. ಬಿದ್ದ ಅರಮನೆಯನ್ನು ಊಹೆಯಿಂದ ಮತ್ತೆ ಎಬ್ಬಿಸುವುದಕ್ಕಿಂತ ಬಿದ್ದಂತೆಯೇ ಭದ್ರಪಡಿಸಿ ನಿಲ್ಲಿಸುವುದು ಹೆಚ್ಚು ಪ್ರಾಮಾಣಿಕವಾದ ಕೆಲಸ. ಮಕ್ಕಳನ್ನು ಒಂದು ಗೋಡೆಯ ಮುಂದೆ ನಿಲ್ಲಿಸಿ ಹಳೆಯ ಗಾರೆ ಯಾವುದು, ಹೊಸದು ಯಾವುದು ಎಂದು ಗುರುತಿಸಲು ಹೇಳಿದರೆ ಅವರ ಕಣ್ಣು ಹಿರಿಯರ ಕಣ್ಣಿಗಿಂತ ಚುರುಕೆಂದು ಗೊತ್ತಾಗುತ್ತದೆ.

ಮೂರನೆಯ ಕೇಡನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು. ಯಾವ ಕೋಟೆಗೆ ಹೋದರೂ ಗವಾಕ್ಷಿಯ ಬದಿಯಲ್ಲಿ ಕೆತ್ತಿದ ಹೆಸರುಗಳು, ಶಾಲೆಯ ಹೆಸರು, ಪ್ರವಾಸದ ವರ್ಷ ಕಣ್ಣಿಗೆ ಬೀಳುತ್ತವೆ. ಕೆತ್ತಿದವರಲ್ಲಿ ಬಹುಪಾಲು ಶಾಲಾ ಪ್ರವಾಸದ ಮಕ್ಕಳೇ. ಸಂವಿಧಾನದ 51ಎ ವಿಧಿಯಲ್ಲಿ ದೇಶದ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ನಾಗರಿಕರ ಕರ್ತವ್ಯವೆಂದಿದೆ. ಪರೀಕ್ಷೆಯಲ್ಲಿ ಅದನ್ನು ಬರೆದು ಪೂರ್ಣ ಅಂಕ ಪಡೆದ ಕೈಯೇ ಇಲ್ಲಿ ಮೊಳೆಯನ್ನು ಹಿಡಿದಿರುತ್ತದೆ. ಬೈಯುವುದಕ್ಕಿಂತ, ಹೊರಡುವ ಮುನ್ನ ಪ್ರತಿ ಮಗುವಿಗೂ ಒಂದು ಹಾಳೆ ಕೊಟ್ಟು ತನ್ನ ಹೆಸರನ್ನು ತನಗಿಷ್ಟವಾದ ಅಕ್ಷರಗಳಲ್ಲಿ ಬರೆದು ಕೋಟೆಯ ಚಿತ್ರದ ಕೆಳಗೆ ಅಂಟಿಸಲು ಹೇಳಿದರೆ ಆ ಆಸೆ ಅರ್ಧ ತೀರುತ್ತದೆ.

ಯಾರ ಕೋಟೆ?

ಈ ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರವಾಗಿ ಒಂದು ಹೆಸರನ್ನು ಹೇಳಿಬಿಡುವ ಅವಸರ ಬೇಡ. ನಳದುರ್ಗದಲ್ಲಿಯೇ ಮೈಲಾರಪುರವೆಂಬ ಸ್ಥಳದಲ್ಲಿ ಖಂಡೋಬನ ಗುಡಿಯಿದೆ. ಮರಾಠಿಯವರ ಖಂಡೋಬನೇ ಕನ್ನಡದ ಮೈಲಾರಲಿಂಗ. ಊರಿನ ಹೆಸರಿನಲ್ಲಿಯೇ ಕನ್ನಡದ ದೇವರು ನಿಂತಿದ್ದಾನೆ. ಇಲ್ಲಿಯ ದೇವರ ಮೂರ್ತಿ ನಳದುರ್ಗದಲ್ಲಿ ಕೆಲವು ಕಾಲ, ನೆರೆಯ ಅಣದೂರಿನಲ್ಲಿ ಕೆಲವು ಕಾಲ ಇರುತ್ತದೆ. ಎರಡು ಊರಿನವರು ಕರಾರು ಮಾಡಿಕೊಂಡು ಪಲ್ಲಕ್ಕಿಯಲ್ಲಿ ಕೊಂಡೊಯ್ಯುತ್ತಾರೆ. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಮರಾಠಿ, ಕನ್ನಡ, ತೆಲುಗು ಮಾತನಾಡುವ ಭಕ್ತರು ಬಂದು ಭಂಡಾರ ಎರಚುತ್ತಾರೆ. ಪಾರಸಿಯ ಶಾಸನ, ದಖನಿ ಮಾತನಾಡುವ ಸುಲ್ತಾನ, ಕನ್ನಡ ರಾಜಧಾನಿಯಿಂದ ಬಂದ ಆಜ್ಞೆ, ಮರಾಠಿಯ ಬುರುಜಿನ ಹೆಸರು, ಮೈಲಾರನ ಜಾತ್ರೆ ಇವುಗಳಲ್ಲಿ ಒಂದನ್ನು ತೆಗೆದರೂ ಕೋಟೆಯ ಕಥೆ ಅರ್ಥವಾಗದು. ಮಕ್ಕಳಿಗೆ ಈ ಐದನ್ನೂ ಕಪ್ಪುಹಲಗೆಯ ಮೇಲೆ ಬರೆದು ಕೊಟ್ಟು, ಉತ್ತರವನ್ನು ಅವರೇ ಚರ್ಚಿಸಲೆಂದು ಬಿಡಬಹುದು.

ಪ್ರವಾಸಕ್ಕೆ ಆಗಸ್ಟಿನಿಂದ ಅಕ್ಟೋಬರ್‌ವರೆಗಿನ ಅವಧಿ ಅನುಕೂಲ. ಮಳೆ ಸಾಲದ ವರ್ಷ ನರ ಮಾದಿಗಳು ಹರಿಯುವುದಿಲ್ಲ. ಆಗ ಕಟ್ಟೆಯ ಮೈ ಪೂರ್ತಿ ಕಾಣುವುದರಿಂದ ಕಟ್ಟಡವನ್ನು ನೋಡಲು ಆ ವರ್ಷವೂ ಕೆಟ್ಟದ್ದಲ್ಲ. ಅಳತೆಯ ಟೇಪು, ದಾರ, ಹಾಳೆ, ಸೀಸದ ಕಡ್ಡಿ ಜೊತೆಗಿರಲಿ. ಒಂದು ಬುರುಜಿನ ಸುತ್ತಳತೆ, ಒಂದು ಮೆಟ್ಟಿಲಿನ ಎತ್ತರ, ಗೋಡೆಯ ಒಂದು ಕಲ್ಲಿನ ಉದ್ದ ಅಗಲಗಳನ್ನು ಪ್ರತಿ ತಂಡವೂ ಅಳೆದ ಮೇಲೆ ಎಲ್ಲರ ಲೆಕ್ಕ ಕೂಡಿಸಿ ಶಾಲೆಯಲ್ಲಿ ನಕಾಶೆ ಬರೆಯಬಹುದು. ಅದನ್ನು ಜೋಪಾನವಾಗಿಟ್ಟರೆ ಮುಂದಿನ ವರ್ಷದ ತಂಡ ಅದೇ ಗೋಡೆಯ ಮುಂದೆ ನಿಂತು ಯಾವ ಬಿರುಕು ಬೆಳೆದಿದೆ, ಯಾವ ಕಲ್ಲು ಕಾಣೆಯಾಗಿದೆ ಎಂದು ಹೋಲಿಸಿ ನೋಡಬಲ್ಲದು; ಬದಲಾವಣೆ ಕಂಡರೆ ಪುರಾತತ್ತ್ವ ಇಲಾಖೆಗೆ ಮಕ್ಕಳ ಕೈಯಿಂದಲೇ ಪತ್ರ ಬರೆಯಿಸಬಹುದು. ನೀರಿನ ಮಹಲಿನ ಮೆಟ್ಟಿಲುಗಳು ಕಡಿದು, ಕತ್ತಲು, ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತವೆ. ಹತ್ತು ಹತ್ತು ಮಕ್ಕಳಾಗಿ, ಮುಂದೊಬ್ಬ ಹಿಂದೊಬ್ಬ ಶಿಕ್ಷಕರೊಡನೆ ಇಳಿಯಬೇಕು. ಒಂದು ತಂಡ ಮೇಲೆ ಬಂದ ಬಳಿಕವೇ ಮತ್ತೊಂದನ್ನು ಕಳುಹಿಸಬೇಕು.